ಗಟಾರು ಕಟ್ಟಿಕೊಳ್ಳುವುದು ಬೀದಿಯಲ್ಲಲ್ಲ, ಅಡುಗೆಮನೆಯಲ್ಲಿ

ಕನ್ನಡದಲ್ಲಿ ‘ಗಟಾರು ಕಟ್ಟುವುದು’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಕಲ್ಲು-ಸಿಮೆಂಟಿನಿಂದ ನಿರ್ಮಿಸುವುದು ಒಂದು. ಹೂಳು-ಜಿಡ್ಡಿನಿಂದ ಮುಚ್ಚಿಹೋಗುವುದು ಇನ್ನೊಂದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಊರುಗಳಲ್ಲಿ ಈ ಎರಡೂ ಕೆಲಸಗಳು ಜೊತೆಜೊತೆಯಾಗಿಯೇ ಸಾಗಿವೆ. ಮೊದಲನೆಯದಕ್ಕೆ ಟೆಂಡರು, ಬಿಲ್ಲು, ಉದ್ಘಾಟನೆಯ ಫಲಕಗಳಿವೆ. ಎರಡನೆಯದು ಯಾವ ಫಲಕವೂ ಇಲ್ಲದೆ, ಪ್ರತಿ ಮನೆಯ ಅಡುಗೆಕಟ್ಟೆಯಲ್ಲಿ ಮತ್ತು ಬಚ್ಚಲಿನಲ್ಲಿ, ದಿನಕ್ಕೆ ಮೂರು ಹೊತ್ತು ಸದ್ದಿಲ್ಲದೆ ನಡೆಯುತ್ತದೆ. ಮಳೆಗಾಲದ ಮೊದಲ ವಾರದಲ್ಲಿ ಕೊಳೆನೀರು ಹೊಸ್ತಿಲೇರಿದಾಗ ಮಾತ್ರ ಎಲ್ಲರಿಗೂ ಪಂಚಾಯಿತಿಯ ನೆನಪಾಗುತ್ತದೆ. ಪಂಚಾಯಿತಿಗೆ ಪೌರಕಾರ್ಮಿಕನ ನೆನಪಾಗುತ್ತದೆ. ಆ ಕಾರ್ಮಿಕನು ಗಟಾರಿಗೆ ಇಳಿಯುತ್ತಾನೆ. ನೀರು ಹರಿಯುತ್ತದೆ, ಊರು ಮರೆಯುತ್ತದೆ.

ಮನೆಯ ಮೋರಿ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದು ಗೃಹಿಣಿಯರಿಗೆ ಹೇಳುವ ಕಿರುಸಲಹೆಯೆಂದು ಇಂದಿಗೂ ಭಾವಿಸಲಾಗುತ್ತಿದೆ. ಇದು ತಪ್ಪು. ಮೋರಿಯ ಪ್ರಶ್ನೆಯು ನದಿಯ ಪ್ರಶ್ನೆ, ಮಣ್ಣಿನ ಪ್ರಶ್ನೆ. ಎಲ್ಲಕ್ಕಿಂತ ಮಿಗಿಲಾಗಿ, ಒಬ್ಬರ ಎಂಜಲಿಗೆ ಇನ್ನೊಬ್ಬರ ಕೈ ಹಾಕಿಸುವ ಸಾಮಾಜಿಕ ಅನ್ಯಾಯದ ಪ್ರಶ್ನೆ. ಆದುದರಿಂದ ಪರಿಸರ ಚಳವಳಿಯು ಅಣೆಕಟ್ಟು, ಗಣಿ, ಹೆದ್ದಾರಿಗಳ ವಿರುದ್ಧ ಎತ್ತುವ ದನಿಯಲ್ಲಿಯೇ ಇದನ್ನೂ ಎತ್ತಬೇಕಾಗಿದೆ.

ಇಳಿಜಾರು ಮುಚ್ಚಿಡುವ ತಪ್ಪು

ಬಯಲುಸೀಮೆಯ ಗಟಾರಿಗೂ ಮಲೆನಾಡಿನ ಹಳ್ಳಿಗೂ ಏನು ಸಂಬಂಧವೆಂದು ಕೇಳುವವರು ಒಮ್ಮೆ ಭೂಪಟವನ್ನು ಬಿಡಿಸಿ ನೋಡಬೇಕು. ಈ ಐದು ತಾಲ್ಲೂಕುಗಳ ಬದುಕನ್ನು ಸಲಹುವ ನೀರೆಲ್ಲ ಸಹ್ಯಾದ್ರಿಯದೇ. ಕೃಷ್ಣೆ ಮಹಾಬಳೇಶ್ವರದಲ್ಲಿ ಹುಟ್ಟುತ್ತಾಳೆ. ದೂಧಗಂಗಾ, ವೇದಗಂಗಾ ನದಿಗಳು ಕೊಲ್ಲಾಪುರ ಜಿಲ್ಲೆಯ ಘಟ್ಟಗಳಿಂದ ಇಳಿದು, ನಿಪ್ಪಾಣಿ-ಸದಲಗಾ ಸೀಮೆಯನ್ನು ಹಾಯ್ದು, ಕಲ್ಲೋಳದ ಬಳಿ ಕೃಷ್ಣೆಯನ್ನು ಕೂಡುತ್ತವೆ. ಕೊಲ್ಲಾಪುರ, ಇಚಲಕರಂಜಿಗಳ ಪಕ್ಕದಲ್ಲಿ ಹರಿಯುವ ಪಂಚಗಂಗೆಯು ನರಸೋಬವಾಡಿಯಲ್ಲಿ ಕೃಷ್ಣೆಯೊಡನೆ ಸಂಗಮಿಸಿದ ಸ್ವಲ್ಪ ದೂರದಲ್ಲಿಯೇ ನದಿಯು ಕರ್ನಾಟಕವನ್ನು ಪ್ರವೇಶಿಸುತ್ತದೆ. ಅಲ್ಲಿಂದ ಉಗಾರ, ಕುಡಚಿಗಳ ಮಾರ್ಗವಾಗಿ ಅದರ ಪಯಣ ಪೂರ್ವಕ್ಕೆ ಸಾಗುತ್ತದೆ. ಖಾನಾಪುರದ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯೂ ಕೊನೆಗೆ ಕೂಡಲಸಂಗಮದಲ್ಲಿ ಇದೇ ಕೃಷ್ಣೆಯನ್ನು ಸೇರುತ್ತಾಳೆ.

ಮಲೆನಾಡಿನ ಮನೆಯಲ್ಲಿ ಬಚ್ಚಲ ನೀರು ಹೊರಬಿದ್ದ ಕ್ಷಣವೇ ಇಳಿಜಾರಿಗೆ ಸಿಕ್ಕಿ ಕಣ್ಮರೆಯಾಗುತ್ತದೆ. ಕೆಳಗಿನ ಹಳ್ಳ ಅದನ್ನು ಹೊತ್ತೊಯ್ಯುತ್ತದೆ. ಗುಡ್ಡದ ಮನೆಯ ಮೋರಿ ಕಟ್ಟಿಕೊಳ್ಳುವುದು ಅಪರೂಪವಾದರೆ, ಅದಕ್ಕೆ ಗುಡ್ಡದವರ ಶುಚಿತ್ವ ಕಾರಣವಲ್ಲ, ಗುಡ್ಡದ ಇಳಿಜಾರು ಕಾರಣ. ಇಳಿಜಾರು ತಪ್ಪನ್ನು ತಿದ್ದುವುದಿಲ್ಲ. ಕಣ್ಣಿಗೆ ಬೀಳದಂತೆ ಮುಂದಕ್ಕೆ ತಳ್ಳುತ್ತದೆ. ಅಥಣಿ, ರಾಯಬಾಗಗಳ ಸಮತಟ್ಟಾದ ಎರೆಭೂಮಿಯಲ್ಲಿ ಈ ಸೌಕರ್ಯವಿಲ್ಲ. ಅಲ್ಲಿ ಗಟಾರಿಗೆ ಸಿಗುವ ಇಳಿತವೇ ಅಲ್ಪ. ಒಂದು ಮನೆಯ ತಪ್ಪು ಮೂರನೆಯ ಮನೆಯ ಅಂಗಳದಲ್ಲಿ ಮರುದಿನವೇ ಪ್ರತ್ಯಕ್ಷವಾಗುತ್ತದೆ. ಘಟ್ಟದ ನೆತ್ತಿಯಲ್ಲಿ ಹೋಮ್‌ಸ್ಟೇ, ರೆಸಾರ್ಟುಗಳ ಅಡುಗೆಮನೆಗಳು ದಿನಕ್ಕೊಂದರಂತೆ ಏಳುತ್ತಿರುವ ಈ ಕಾಲದಲ್ಲಿ, ಬಯಲಿನ ಈ ಐದು ತಾಲ್ಲೂಕುಗಳ ಗಟಾರುಗಳು ಮಲೆನಾಡಿಗೆ ಹಿಡಿದ ಕನ್ನಡಿಯಾಗಿವೆ.

ಕೊಳವೆಯೊಳಗೆ ನಡೆಯುವುದೇನು?

ಕೊಬ್ಬರಿ ಎಣ್ಣೆಯ ಬಾಟಲಿ ಚಳಿಗಾಲದ ಬೆಳಗಿನಲ್ಲಿ ಹೆಪ್ಪುಗಟ್ಟಿರುವುದನ್ನು ಮಲೆನಾಡಿನ ಪ್ರತಿ ಮಗುವೂ ಕಂಡಿದೆ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಆ ಎಣ್ಣೆ ಗಟ್ಟಿಯಾಗುತ್ತದೆ. ಮೋರಿಯ ಕೊಳವೆಯೊಳಗೆ ನಡೆಯುವುದೂ ಇದೇ. ಬಾಣಲೆಯಲ್ಲಿ ಬಿಸಿಯಾಗಿ ನೀರಿನಂತೆ ತೋರುವ ಎಣ್ಣೆ, ತುಪ್ಪ, ಮಾಂಸದ ಕೊಬ್ಬು, ಹಾಲಿನ ಕೆನೆಗಳು ತಣ್ಣನೆಯ ಕೊಳವೆಯ ಗೋಡೆಯನ್ನು ತಾಗಿದೊಡನೆ ಜಿಡ್ಡಾಗಿ ಕೂರುತ್ತವೆ. ಉತ್ತರ ಕರ್ನಾಟಕದ ಅಡುಗೆಯಲ್ಲಿ ತಲೆತಲಾಂತರದಿಂದ ಬಳಕೆಯಲ್ಲಿದ್ದುದು ಶೇಂಗಾ ಎಣ್ಣೆ ಮತ್ತು ಕುಸುಬೆ ಎಣ್ಣೆ; ಅವು ಸಾಧಾರಣ ಚಳಿಗೆ ಹೆಪ್ಪುಗಟ್ಟುವಂಥವಲ್ಲ. ಇಂದು ಭಾರತವು ಪಾಮ್ ಎಣ್ಣೆಯನ್ನು ಜಗತ್ತಿನಲ್ಲಿಯೇ ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶಗಳಲ್ಲೊಂದು. ಪಾಮ್ ಎಣ್ಣೆಯೂ ವನಸ್ಪತಿಯೂ ತಂಪಿಗೆ ಬೇಗ ಗಟ್ಟಿಯಾಗುತ್ತವೆ. ಅಂದರೆ ದೂರದ ದ್ವೀಪಗಳ ಮಳೆಕಾಡು ಕಡಿದು ಬೆಳೆಸಿದ ಎಣ್ಣೆಯು ಇಲ್ಲಿನ ಹೊಲದ ಕುಸುಬೆಯನ್ನು ಹೊರದೂಡಿದ್ದಲ್ಲದೆ, ಇಲ್ಲಿನ ಮೋರಿಯನ್ನೂ ಹಿಡಿದಿದೆ.

ಇದರ ಮೇಲೆ ಗಡಸು ನೀರಿನ ಕಾಟ. ಕೊಳವೆಬಾವಿಯ ನೀರಿನಲ್ಲಿ ಸಾಬೂನು ನೊರೆಗಟ್ಟದೆ, ಬಕೆಟ್ಟಿನ ಅಂಚಿಗೆ ಬೂದುಬಣ್ಣದ ಕೊಳೆ ಅಂಟುವುದುಂಟು. ನೀರಿನಲ್ಲಿನ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಸಾಬೂನಿನೊಡನೆ ಬೆರೆತು ನೀರಿನಲ್ಲಿ ಕರಗದ ಇನ್ನೊಂದು ಬಗೆಯ ಸಾಬೂನಾಗುವುದರ ಫಲವದು. ಕೊಳವೆಯಲ್ಲಿ ಕುಳಿತ ಜಿಡ್ಡೂ ದಿನಗಳೆದಂತೆ ಒಡೆದು, ಅದೇ ಕ್ಯಾಲ್ಸಿಯಂ ಜೊತೆ ಸೇರಿ ಗಾರೆಯಂತೆ ಗಟ್ಟಿಯಾಗುತ್ತದೆ. ಆ ಗಾರೆಗೆ ಕೂದಲು ನಾರಾಗಿ ಬಲಕೊಡುತ್ತದೆ; ಚಹಾದ ಚರಟ, ಅನ್ನದಗುಳು, ರೊಟ್ಟಿಯ ಹಿಟ್ಟು ಅದರಲ್ಲಿ ಜಲ್ಲಿಯಾಗಿ ಸೇರುತ್ತವೆ.

ಇದು ಹಳ್ಳಿಯ ಅಜ್ಞಾನದ ಫಲವೆಂದು ಯಾರೂ ತಿಳಿಯಬೇಕಾಗಿಲ್ಲ. 2017ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಎಂಬಲ್ಲಿ ನೆಲದಡಿಯ ಚರಂಡಿಯಲ್ಲಿ 250 ಮೀಟರ್ ಉದ್ದದ, ಸುಮಾರು 130 ಟನ್ ತೂಕದ ಜಿಡ್ಡಿನ ಬಂಡೆಯೊಂದು ಪತ್ತೆಯಾಯಿತು. ಅಡುಗೆಮನೆಯ ಕೊಬ್ಬು ಮತ್ತು ಶೌಚಗುಂಡಿಗೆ ಎಸೆದ ಒರೆಸುಬಟ್ಟೆಗಳು ಸೇರಿ ಆದ ಬಂಡೆ ಅದು. ಕಾರ್ಮಿಕರು ವಾರಗಟ್ಟಲೆ ದುಡಿದು ಅದನ್ನು ಒಡೆದು ತೆಗೆದರು. ಅದರ ತುಣುಕನ್ನು 2018ರಲ್ಲಿ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಟ್ಟರು. ಜಗತ್ತಿಗೆಲ್ಲ ಚರಂಡಿಯ ಪಾಠ ಹೇಳಿದ ನಗರದ ಅವಸ್ಥೆಯೇ ಹೀಗಿದ್ದರೆ, ಅಂಥದೇ ಕೊಳವೆಗಳನ್ನು ಹೂಳಿಸಿಕೊಂಡು ಅಭಿವೃದ್ಧಿಯಾಯಿತೆಂದು ಬೀಗುವ ಊರುಗಳು ತುಸು ಯೋಚಿಸಬೇಕು.

ಬಾಟಲಿಯಲ್ಲಿ ಮಾರುವ ವಿಷ

ಮೋರಿ ಕಟ್ಟಿಕೊಂಡ ಮನೆಗೆ ಮಾರುಕಟ್ಟೆ ತಕ್ಷಣ ಧಾವಿಸುತ್ತದೆ. ಪುಡಿಯನ್ನು ಸುರಿಯಿರಿ, ಅರ್ಧ ಗಂಟೆ ಕಾಯಿರಿ, ಎಲ್ಲವೂ ಕರಗಿಹೋಗುತ್ತದೆ ಎಂಬ ಜಾಹೀರಾತನ್ನು ದೂರದರ್ಶನದಲ್ಲಿ ಕಾಣದವರಿಲ್ಲ. ಆ ಪುಡಿಯ ಮುಖ್ಯ ದ್ರವ್ಯ ಕಾಸ್ಟಿಕ್ ಸೋಡ. ಅದು ಜಿಡ್ಡನ್ನು ಸಾಬೂನಾಗಿ ಮಾರ್ಪಡಿಸುವುದು ನಿಜ. ಆದರೆ ಗಡಸು ನೀರಿನ ಊರಿನಲ್ಲಿ ಆ ಸಾಬೂನು ಹತ್ತು ಅಡಿ ಮುಂದೆ ಹೋಗಿ, ಮೇಲೆ ಹೇಳಿದ ಗಾರೆಯಾಗಿಯೇ ಮತ್ತೆ ಕೂರಬಹುದು. ಬಿಸಿನೀರು ಸುರಿಯುವುದೂ ಇದೇ ಬಗೆಯದು. ಕರಗಿದ ಎಣ್ಣೆ ನೀರು ತಣಿಯುವ ಜಾಗದಲ್ಲಿ ಹೆಪ್ಪುಗಟ್ಟುತ್ತದೆ. ತೊಂದರೆಯು ಮನೆಯಿಂದ ಬೀದಿಗೆ ವರ್ಗವಾಯಿತೇ ಹೊರತು ಪರಿಹಾರವಾಗಲಿಲ್ಲ.

ಅಪಾಯಗಳ ಪಟ್ಟಿ ಇನ್ನೂ ಉದ್ದವಿದೆ. ಕಾಸ್ಟಿಕ್ ಸೋಡ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಅದು ಹೆಚ್ಚಿನ ಪ್ರಮಾಣದಲ್ಲಿ ಶೌಚಗುಂಡಿಯನ್ನು ಸೇರಿದರೆ ಅಲ್ಲಿ ಮಲವನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಶೌಚಾಲಯ ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪುಡಿ ಒಂದೇ ಮೋರಿಯಲ್ಲಿ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ಅನಿಲವದು. ಇವೆಲ್ಲಕ್ಕಿಂತ ಘೋರವಾದುದು ಜಾಹೀರಾತಿನಲ್ಲಿ ಎಂದೂ ಕಾಣಿಸದ ಒಂದು ಸಂಗತಿ. ಪುಡಿ ಕೆಲಸ ಮಾಡದಿದ್ದಾಗ, ಆ ಕ್ಷಾರವು ತುಂಬಿನಿಂತ ಮೋರಿಗೆ ಯಾರಾದರೊಬ್ಬರು ಕೈ ಹಾಕಲೇಬೇಕಾಗುತ್ತದೆ.

ಯಾರ ಕೈ?

ಮೋರಿಯ ಕೆಲಸದ ಹಂಚಿಕೆಯನ್ನು ಗಮನಿಸಿದರೆ ಇಡೀ ಸಮಾಜದ ಚಿತ್ರ ಕಾಣುತ್ತದೆ. ಪಾತ್ರೆ ತೊಳೆಯುವ ದುಡಿಮೆ ಹೆಣ್ಣಿನದು. ಕೊಳವೆ ಎಲ್ಲಿ, ಹೇಗೆ ಹಾಯಬೇಕೆಂಬ ತೀರ್ಮಾನ ಗಂಡಿನದು. ಕೊಳವೆಯಾಚೆಗಿನ ಕೆಸರು ದಲಿತರದು. ತೀರ್ಮಾನಿಸುವವರು ತೊಳೆಯುವುದಿಲ್ಲ, ತುಂಬಿಸುವವರು ತೆಗೆಯುವುದಿಲ್ಲ. ಮೋರಿ ಮತ್ತೆ ಮತ್ತೆ ಕಟ್ಟಿಕೊಳ್ಳುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವನ್ನು ಯಾವ ಇಂಜಿನಿಯರೂ ಹೇಳಲಾರ. ತನ್ನ ಎಂಜಲನ್ನು ತಾನೇ ಎತ್ತಬೇಕಾಗಿದ್ದರೆ ಯಾರು ತಾನೇ ಬಾಣಲೆಯ ಎಣ್ಣೆಯನ್ನು ಮೋರಿಗೆ ಸುರಿದಾರು?

ಕಾನೂನುಗಳಿಗೆ ಕೊರತೆಯಿಲ್ಲ. 1970ರ ದಶಕದಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದರು. 1993ರಲ್ಲಿ ಸಂಸತ್ತು ಒಂದು ಕಾಯಿದೆ ಮಾಡಿತು. 2013ರಲ್ಲಿ ಇನ್ನಷ್ಟು ಬಿಗಿಯಾದ ಕಾಯಿದೆ ಬಂದು, ಚರಂಡಿ ಮತ್ತು ಶೌಚಗುಂಡಿಗಳ ಅಪಾಯಕಾರಿ ಶುಚೀಕರಣಕ್ಕೆ ಮನುಷ್ಯರನ್ನು ಇಳಿಸುವುದನ್ನು ನಿಷೇಧಿಸಿತು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಆದೇಶಿಸಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಿಸಬೇಕಾಗಿ ಬಂದದ್ದೇ, ಸಾವುಗಳು ನಿಂತಿಲ್ಲವೆಂಬುದಕ್ಕೆ ಸಾಕ್ಷಿ. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನ ಭಂಗಿ ಸಮುದಾಯದವರು, ತಮ್ಮನ್ನು ಒಕ್ಕಲೆಬ್ಬಿಸುವ ಯತ್ನದ ವಿರುದ್ಧ ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ನಿಂತರು. ನಾಡೇ ಬೆಚ್ಚಿತು. ಆದರೆ ಬೆಚ್ಚಿದ ನಾಡಿನ ಅಡುಗೆಮನೆಗಳ ಅಭ್ಯಾಸ ಬದಲಾಗಲಿಲ್ಲ.

ಬೆಳಗಾವಿ ಜಿಲ್ಲೆಯ ನೆಲಕ್ಕೆ ಬೇರೊಂದು ನೆನಪೂ ಉಂಟು. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ 1924ರ ಡಿಸೆಂಬರಿನಲ್ಲಿ ನಡೆದದ್ದು ಬೆಳಗಾವಿಯಲ್ಲಿ. ಅಲ್ಲಿ ನೈರ್ಮಲ್ಯದ ಹೊಣೆಯನ್ನು ಕಾಕಾ ಕಾಲೇಲ್ಕರರು ಹೊತ್ತರು. ಮೇಲುಜಾತಿಯ ಸ್ವಯಂಸೇವಕರೂ ಶುಚೀಕರಣದ ಕೆಲಸಕ್ಕೆ ಇಳಿದರು. ಗಡಿಭಾಗದ ಮರಾಠಿ ಮನೆಗಳಲ್ಲಿ ಇಂದಿಗೂ ಭಕ್ತಿಯಿಂದ ನೆನೆಯಲಾಗುವ ಗಾಡಗೆ ಮಹಾರಾಜರು (1876–1956) ಊರಿಗೆ ಬಂದೊಡನೆ ಮೊದಲು ಪೊರಕೆ ಹಿಡಿದು ಬೀದಿ-ಗಟಾರುಗಳನ್ನು ಶುಚಿಮಾಡಿ, ಸಂಜೆ ಕೀರ್ತನೆಗೆ ನಿಲ್ಲುತ್ತಿದ್ದರು. ಅದಕ್ಕೂ ಎಂಟು ಶತಮಾನಗಳ ಹಿಂದೆ, ಕಸ ಗುಡಿಸುವುದನ್ನೇ ಕಾಯಕವಾಗಿ ಕೈಗೊಂಡ ಸತ್ಯಕ್ಕನನ್ನು ಶರಣರು ತಮ್ಮ ಸಾಲಿನಲ್ಲಿ ಕೂರಿಸಿಕೊಂಡರು. ಗಾಡಗೆ ಮಹಾರಾಜರ ಚಿತ್ರವನ್ನು ಗೋಡೆಗೆ ತೂಗುಹಾಕಿ, ಸತ್ಯಕ್ಕನ ಹೆಸರನ್ನು ಭಾಷಣದಲ್ಲಿ ಉಚ್ಚರಿಸಿ, ಮೋರಿಗೆ ಜಿಡ್ಡು ಸುರಿಯುವುದು ಸಲ್ಲದು.

“ಕಾರ್ಖಾನೆಗಳನ್ನು ಬಿಟ್ಟು ಅಡುಗೆಮನೆಯನ್ನೇಕೆ ಹಿಡಿದಿರಿ?”

ಚಳವಳಿಯ ಒಳಗಿನಿಂದಲೇ ಈ ಆಕ್ಷೇಪ ಬರುತ್ತದೆ. ಅದು ನ್ಯಾಯವಾದುದೂ ಹೌದು. ಕೃಷ್ಣಾ ತೀರದುದ್ದಕ್ಕೂ ಸಕ್ಕರೆ ಕಾರ್ಖಾನೆಗಳಿವೆ. ಮೇಲ್ಭಾಗದಲ್ಲಿ ಜವಳಿಗೆ ಬಣ್ಣ ಹಾಕುವ ಉದ್ಯಮಗಳಿವೆ. ಅವುಗಳ ಮಲಿನ ನೀರಿನ ಮುಂದೆ ಬಾಣಲೆಯ ಎಣ್ಣೆ ಯಾವ ಲೆಕ್ಕ ಎಂಬುದು ಪ್ರಶ್ನೆ. ಲೆಕ್ಕವನ್ನೇ ನೋಡೋಣವೆಂದರೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ದೇಶದ ನಗರ ಪ್ರದೇಶಗಳಲ್ಲಿ ದಿನವೊಂದಕ್ಕೆ 7,236.8 ಕೋಟಿ ಲೀಟರ್ ಕೊಳಚೆನೀರು ಹುಟ್ಟುತ್ತದೆ. ಸ್ಥಾಪಿತ ಶುದ್ಧೀಕರಣ ಸಾಮರ್ಥ್ಯ 3,184.1 ಕೋಟಿ ಲೀಟರ್ ಮಾತ್ರ. ನಿಜವಾಗಿ ಶುದ್ಧೀಕರಣಗೊಳ್ಳುವುದು ಒಟ್ಟು ನೀರಿನ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಉಳಿದುದೆಲ್ಲ ಮನೆಗಳಿಂದ ಹೊರಟು ಹಳ್ಳ, ಕೆರೆ, ನದಿಗಳ ಪಾಲಾಗುತ್ತದೆ. 2012ರಲ್ಲಿ ಚಿಕ್ಕೋಡಿ ಸೀಮೆಯ ನೆರೆಯ ಇಚಲಕರಂಜಿಯಲ್ಲಿ ಕುಡಿಯುವ ನೀರಿನ ಮೂಲಕ ಕಾಮಾಲೆ ಹರಡಿ ಸಾವುಗಳಾದವು. ಆ ರೋಗ ಹುಟ್ಟುವುದು ಯಾವ ಯಂತ್ರದಿಂದಲೂ ಅಲ್ಲ, ಮನುಷ್ಯರ ಕೊಳಚೆ ಕುಡಿಯುವ ನೀರಿಗೆ ಬೆರೆಯುವುದರಿಂದ.

ಕಾರ್ಖಾನೆಯ ವಿರುದ್ಧದ ಹೋರಾಟವನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಆದರೆ ತಮ್ಮ ಹಿತ್ತಲಿನ ಮೋರಿಯಲ್ಲಿ ಸೊಳ್ಳೆ ಸಾಕಿಕೊಂಡು ಕಾರ್ಖಾನೆಯ ಗೇಟಿನೆದುರು ಧರಣಿ ಕೂರುವವರ ಮಾತಿಗೆ ತೂಕ ಬರಲಾರದು. ಆಡಳಿತದವರು ಮೊದಲು ತೋರಿಸುವುದೇ ಆ ಮೋರಿಯನ್ನು.

ಇನ್ನೊಂದು ಆಕ್ಷೇಪವು ಹಿರಿಯರದು: ಹಿಂದಿನವರಿಗೆ ಈ ಕಷ್ಟವೇ ಇರಲಿಲ್ಲ, ಹಳೆಯ ಪದ್ಧತಿಗೆ ಮರಳಿದರೆ ಸಾಕು ಎಂಬುದು. ಇದರಲ್ಲಿ ಅರ್ಧ ಸತ್ಯವಿದೆ. ಬಾವಿಯಿಂದ ಸೇದಿ ಹೊತ್ತು ತಂದ ನೀರು ಅಂದು ಮನೆಯಲ್ಲಿ ಎರಡು ಬಾರಿ ದುಡಿಯುತ್ತಿತ್ತು. ಅಕ್ಕಿ ತೊಳೆದ ನೀರು, ಮುಸುರೆ ಎಲ್ಲವೂ ಕಲಗಚ್ಚಿನ ಬಾನಿಗೆ ಸೇರಿ ಎಮ್ಮೆಗೆ ಹೋಗುತ್ತಿತ್ತು. ಬಚ್ಚಲ ನೀರು ಹಿತ್ತಲಿನ ಬಾಳೆಗೆ, ಕೆಸುವಿಗೆ ಹರಿಯುತ್ತಿತ್ತು. ಇಂದು ಬಹಳ ಮನೆಗಳಲ್ಲಿ ಎಮ್ಮೆಯೂ ಇಲ್ಲ, ಹಿತ್ತಲೂ ಇಲ್ಲ. ಜಲಜೀವನ ಯೋಜನೆ ಆರಂಭವಾದ 2019ರಿಂದೀಚೆಗೆ ತಲೆಗೆ ದಿನಕ್ಕೆ 55 ಲೀಟರ್ ನೀರನ್ನು ನಲ್ಲಿಯಲ್ಲಿ ಮನೆಗೇ ತರುವ ಗುರಿಯಿದೆ. ಐದು ಜನರ ಮನೆಗೆ ಅದು 275 ಲೀಟರ್. ಬಂದ ನೀರಿನ ಐದರಲ್ಲಿ ನಾಲ್ಕು ಪಾಲು ಬಳಸಿದ ನೀರಾಗಿ ಹೊರಬೀಳುತ್ತದೆಂಬುದು ಇಂಜಿನಿಯರುಗಳ ರೂಢಿಯ ಲೆಕ್ಕ. ಅಂದರೆ ದಿನಕ್ಕೆ 220 ಲೀಟರ್. ಐನೂರು ಮನೆಗಳ ಊರಿನಲ್ಲಿ 1 ಲಕ್ಷ 10 ಸಾವಿರ ಲೀಟರ್. ನೀರು ಹೊರುವ ಹೆಣ್ಣಿನ ಭಾರವನ್ನಿಳಿಸಿದ ಈ ನಲ್ಲಿಯನ್ನು ಬೇಡವೆನ್ನುವುದು ಕ್ರೌರ್ಯವಾದೀತು. ಆದರೆ ಒಳಬಂದ ನೀರಿಗೆ ಹೊರಹೋಗುವ ದಾರಿಯನ್ನು ಯೋಚಿಸದೆ ನಲ್ಲಿ ಕೊಡುವುದು ಅರ್ಧ ಯೋಜನೆ.

ಪಾತ್ರೆಯನ್ನು ಬೂದಿ, ಮಣ್ಣುಗಳಿಂದ ಬೆಳಗುವ ಹಳೆಯ ಅಭ್ಯಾಸವನ್ನೂ ಹಾಗೆಯೇ ತರಲಾಗದು. ತೆರೆದ ಮೋರಿಯಲ್ಲಿ ಕುಳಿತ ಬೂದಿಯನ್ನು ಪೊರಕೆಯಿಂದ ಗುಡಿಸಬಹುದಾಗಿತ್ತು. ಪಿವಿಸಿ ಕೊಳವೆಯ ತಿರುವಿನಲ್ಲಿ ಕುಳಿತ ಬೂದಿ-ಮರಳನ್ನು ಯಾವ ಪೊರಕೆಯೂ ಮುಟ್ಟಲಾರದು. ಹಳೆಯದರ ವಿವೇಕ ಬೇಕು. ಹಳೆಯದರ ನಕಲು ಬೇಡ.

ಮನೆಯಲ್ಲಿ ಆಗಬೇಕಾದುದು

ಆಗಬೇಕಾದ ಕೆಲಸಗಳು ಕಡಿಮೆ. ಹಣವೂ ಹೆಚ್ಚು ಬೇಡ.

ಮೊದಲನೆಯದು, ಒರೆಸಿ ತೊಳೆಯುವುದು. ಎಣ್ಣೆಯ ಬಾಣಲೆ, ಮಾಂಸದ ಪಾತ್ರೆ, ಊಟದ ತಟ್ಟೆ ಇವುಗಳನ್ನು ನೀರಿಗೆ ಒಡ್ಡುವ ಮೊದಲು ಹಳೆಯ ಕಾಗದದಿಂದಲೋ ಜೋಳದ ಹೊಟ್ಟಿನಿಂದಲೋ ಒರೆಸಿ, ಅದನ್ನು ತಿಪ್ಪೆಗೆ ಹಾಕಬೇಕು. ಕರಿದ ಎಣ್ಣೆ ಮಿಕ್ಕರೆ ಡಬ್ಬಿಯಲ್ಲಿ ತುಂಬಿಡಬೇಕು. ಹಿಟ್ಟು ನಾದಿದ ಪರಾತವನ್ನು ಒಣಗಿದ ಕೈಯಿಂದ ಕೆರೆದು, ಹಿಟ್ಟನ್ನು ದನಕ್ಕೋ ಕೋಳಿಗೋ ಹಾಕಬೇಕು. ಎರಡನೆಯದು ಜಾಲರಿ. ಅಡುಗೆಕಟ್ಟೆಯ ಮೋರಿಗೂ ಬಚ್ಚಲಿಗೂ ಸಣ್ಣ ಕಣ್ಣಿನ ಜಾಲರಿ ಕೂರಿಸಿ, ಅದರಲ್ಲಿ ನಿಂತ ಅಗುಳು, ಚರಟ, ಕೂದಲುಗಳನ್ನು ಪ್ರತಿದಿನ ತೆಗೆಯಬೇಕು. ನೀರು ನಿಂತಿತೆಂದು ಜಾಲರಿಯನ್ನೇ ಕಿತ್ತೆಸೆಯುವುದು ಅನೇಕ ಮನೆಗಳ ಪದ್ಧತಿ. ಜಾಲರಿಯಲ್ಲಿ ನೀರು ನಿಂತಿತೆಂದರೆ ಅದು ತನ್ನ ಕೆಲಸ ಮಾಡಿತೆಂದೇ ತಿಳಿಯಬೇಕು.

ಮೂರನೆಯದು, ಅಂಗಡಿಯವರು ‘ನಹಾನಿ ಟ್ರ್ಯಾಪ್’ ಎನ್ನುವ ಸಾಧನ. ಗಡಿನಾಡಿನ ಮರಾಠಿ ಮನೆಗಳಲ್ಲಿ ಬಚ್ಚಲಿಗೆ ‘ನ್ಹಾಣಿ’ ಎನ್ನುವುದರಿಂದ ಬಂದ ಹೆಸರಿದು. ಅದರ ಬಾಗಿನಲ್ಲಿ ಸದಾ ನಿಲ್ಲುವ ನೀರು ದುರ್ವಾಸನೆಯನ್ನು, ಜಿರಲೆಯನ್ನು ತಡೆಯುತ್ತದೆ. ತಿಂಗಳಿಗೊಮ್ಮೆ ಅದರ ಮುಚ್ಚಳ ತೆಗೆದು ಹೂಳನ್ನು ಎತ್ತಬೇಕು. ಈ ಕೆಲಸವನ್ನು ಮನೆಯ ಗಂಡಸರು, ಓದುವ ಹುಡುಗರು ಮಾಡಬೇಕು. ನಾಲ್ಕನೆಯದು, ಅಡುಗೆನೀರು ಹೊರಬೀಳುವಲ್ಲಿ ಒಂದು ಸಣ್ಣ ಇಟ್ಟಿಗೆಯ ತೊಟ್ಟಿ. ನೀರು ಅದರಲ್ಲಿ ನಿಂತು ತಣಿದಾಗ ಜಿಡ್ಡು ಮೇಲೆ ತೇಲುತ್ತದೆ, ಮಣ್ಣು ಕೆಳಗೆ ಕೂರುತ್ತದೆ. ಹೊರಹೋಗುವ ಕೊಳವೆಯ ಬಾಯನ್ನು ಕೆಳಮುಖವಾಗಿ ಬಾಗಿಸಿ ನಡುವಿನ ನೀರನ್ನು ಮಾತ್ರ ಹೊರಬಿಟ್ಟರೆ ಸಾಕು. ನಾಲ್ಕೂವರೆ ಸಾವಿರ ವರ್ಷಗಳ ಹಿಂದೆ ಮೊಹೆಂಜೊದಾರೊ ಊರಿನವರು ಬೀದಿಯ ಇಟ್ಟಿಗೆ ಚರಂಡಿಗಳಿಗೆ ಇಂಥ ಹೂಳುಗುಂಡಿಗಳನ್ನು ಕಟ್ಟಿದ್ದರು. ಐದನೆಯದು ಇಳಿತ. ನಾಲ್ಕು ಅಂಗುಲದ ಕೊಳವೆಗೆ 40 ಅಡಿಗೆ 1 ಅಡಿಯಷ್ಟು ಇಳಿತ ಬೇಕೆಂಬುದು ಹಳೆಯ ಗಾರೆಕೆಲಸದವರಿಗೂ ತಿಳಿದ ನಿಯಮ. ಮನೆ ಕಟ್ಟುವಾಗ ಮಹಡಿಯ ಅಂದಕ್ಕೆ ಕೊಡುವ ಗಮನದ ಒಂದಂಶವನ್ನು ಇದಕ್ಕೆ ಕೊಟ್ಟರೆ ಮುಂದಿನ ಮೂವತ್ತು ವರ್ಷಗಳ ತೊಂದರೆ ತಪ್ಪುತ್ತದೆ.

ಶಾಂಪೂವಿನ ಪೊಟ್ಟಣ, ಮುಟ್ಟಿನ ಪ್ಯಾಡು, ಮಕ್ಕಳ ಡೈಪರುಗಳು ಯಾವ ಕಾರಣಕ್ಕೂ ಮೋರಿಗಾಗಲಿ ಶೌಚಕ್ಕಾಗಲಿ ಹೋಗಬಾರದು. ನಿಪ್ಪಾಣಿಯಲ್ಲಿ ಮನೆಯಲ್ಲೇ ಬೀಡಿ ಕಟ್ಟುವವರ ಎಲೆಯ ಚೂರು, ಅಥಣಿಯಲ್ಲಿ ಮನೆಯಲ್ಲೇ ಚಪ್ಪಲಿ ಹೊಲಿಯುವವರ ಚರ್ಮದ ತುಣುಕು, ಎಲ್ಲ ಊರುಗಳ ಕೊಟ್ಟಿಗೆಯ ಸಗಣಿ-ಕಣಿಕೆಗಳು ಗುಡಿಸಿ ಎತ್ತಬೇಕಾದ ವಸ್ತುಗಳು, ತೊಳೆದು ಬಿಡಬೇಕಾದುವಲ್ಲ. ನೀರು ಹೊರುವುದು ನೀರನ್ನು ಮಾತ್ರ. ಕಸ ಹೊರುವುದು ಬುಟ್ಟಿಯ ಕೆಲಸ.

ಎರೆಮಣ್ಣಿನ ಪಾಠ

ಮೋರಿಯ ನೀರನ್ನು ಬೀದಿಗೆ ಬಿಡದೆ ಮನೆಯ ಬಳಿಯೇ ಇಂಗಿಸುವುದು ಉತ್ತಮ ದಾರಿ. ಮಹಾರಾಷ್ಟ್ರದ ನಾಂದೇಡ ಜಿಲ್ಲೆಯ ಟೆಂಭುರ್ಣಿ ಎಂಬ ಗ್ರಾಮವು ಮನೆಮನೆಗೂ ಇಂಗುಗುಂಡಿ ಮಾಡಿ, ತೆರೆದ ಗಟಾರನ್ನೇ ಇಲ್ಲವಾಗಿಸಿ, ಸೊಳ್ಳೆಗಳಿಂದ ಪಾರಾಗಿ ಹೆಸರಾಯಿತು. ಕೊಳಕು ನೀರಿನಲ್ಲಿ ಮೊಟ್ಟೆಯಿಡುವ ಕ್ಯೂಲೆಕ್ಸ್ ಸೊಳ್ಳೆಗೆ ನಿಂತ ಗಟಾರೇ ತವರುಮನೆ. ಗಟಾರು ಇಲ್ಲವಾದರೆ ಅದಕ್ಕೆ ನೆಲೆಯಿಲ್ಲ. ಕರ್ನಾಟಕದಲ್ಲಿಯೂ 2020ರ ಬಳಿಕ ‘ಬಚ್ಚಲು ಗುಂಡಿ’ ಎಂಬ ಹೆಸರಿನಲ್ಲಿ ಉದ್ಯೋಗ ಖಾತರಿ ಯೋಜನೆಯಡಿ ಹಳ್ಳಿ ಹಳ್ಳಿಗಳಲ್ಲಿ ಗುಂಡಿಗಳನ್ನು ತೋಡಲಾಯಿತು.

ಆದರೆ ಒಂದೇ ನಕ್ಷೆಯನ್ನು ಎಲ್ಲ ನೆಲಕ್ಕೂ ಹೊದಿಸುವುದು ಸರ್ಕಾರಿ ಯೋಜನೆಗಳ ಹಳೆಯ ರೋಗ. ಮಲೆನಾಡಿನ ಜಂಬಿಟ್ಟಿಗೆ ನೆಲ ನೀರನ್ನು ಹೀರುವಂತೆ ಕೃಷ್ಣಾ ತೀರದ ಆಳವಾದ ಎರೆಮಣ್ಣು ಹೀರುವುದಿಲ್ಲ. ಎರೆಮಣ್ಣು ನೆನೆದರೆ ಉಬ್ಬಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಅದರ ಮೇಲೆ ಅಡುಗೆಮನೆಯ ಜಿಡ್ಡು ಪದರಗಟ್ಟಿದರೆ ಇಂಗುಗುಂಡಿಯು ಬೇಗನೆ ಕೊಳಚೆಗುಂಡಿಯಾಗುತ್ತದೆ. ಎರೆನಾಡಿನಲ್ಲಿ ಮನೆಯೊಳಗಿನ ತಡೆಗೆ ಹೆಚ್ಚಿನ ಮಹತ್ವ ಬರುವುದು ಇಲ್ಲಿಯೇ. ಜಿಡ್ಡಿಲ್ಲದ ನೀರನ್ನು ತೊಟ್ಟಿಯಲ್ಲಿ ಸೋಸಿ, ಹರವಾದ ಪಾತಿಯಲ್ಲಿ ಬಾಳೆ, ಕೆಸು, ನುಗ್ಗೆಗಳಿಗೆ ಹಾಯಿಸುವುದು ಆ ನೆಲಕ್ಕೆ ಒಗ್ಗುವ ಉಪಾಯ.

ಈ ಪಾಠವನ್ನು ಅಲ್ಲಿನ ಹೊಲಗಳು ಈಗಾಗಲೇ ಕಲಿಸಿವೆ. ಕಬ್ಬಿಗೆ ಅಳತೆಯಿಲ್ಲದೆ ನೀರು ಹಾಯಿಸಿ, ಹೊರಹೋಗುವ ದಾರಿಯನ್ನು ಮರೆತ ಫಲವಾಗಿ ಕೃಷ್ಣಾ ತೀರದ ಫಲವತ್ತಾದ ಭೂಮಿ ಸವಳು-ಜವಳಾಗಿ ಹಾಳಾಗಿದೆ. ಉಗಾರದಂಥ ಕಡೆ ನೆಲದಡಿ ತೂತಿನ ಕೊಳವೆಗಳನ್ನು ಹೂಳಿ ಉಪ್ಪುನೀರನ್ನು ಬಸಿಯಬೇಕಾಯಿತು. ಹೊಲಕ್ಕಾದರೂ ಅಷ್ಟೇ, ಮನೆಗಾದರೂ ಅಷ್ಟೇ: ನೀರು ತರುವವರಿಗೆ ಜಯಕಾರ, ನೀರು ಬಸಿಯುವ ದಾರಿಗೆ ಅನಾಸ್ಥೆ. 2005, 2019, 2021ರ ಮಹಾಪೂರಗಳಲ್ಲಿ ಕೃಷ್ಣೆ ಉಕ್ಕಿ ತೀರದ ಊರುಗಳನ್ನು ನುಂಗಿತು. ನದಿ ಮೇಲೇರಿದಾಗ ಗಟಾರಿನ ನೀರು ಹಿಂದಕ್ಕೆ ತಳ್ಳಲ್ಪಡುತ್ತದೆ. ವರ್ಷವಿಡೀ ಗಟಾರಿಗೆ ಸೇರಿಸಿದ್ದೆಲ್ಲವೂ ಆಗ ಮನೆಯೊಳಗೆ ಮರಳುತ್ತದೆ. ಮಹಾಪೂರಕ್ಕೆ ಮನೆಯ ಮೋರಿ ಕಾರಣವಲ್ಲ. ಆದರೆ ಪೂರ ಇಳಿದ ಮೇಲೆ ಅಂಗಳದಲ್ಲಿ ಉಳಿಯುವ ಕೆಸರು ರೇವೆಮಣ್ಣಿನದೋ ಕೊಳಚೆಯದೋ ಎಂಬುದನ್ನು ಮೋರಿಯೇ ನಿರ್ಧರಿಸುತ್ತದೆ.

ಗ್ರಾಮಸಭೆಯ ಮುಂದೆ

ಮನೆಯ ಹೊಣೆಯನ್ನು ಹೇಳಿದ ಮಾತ್ರಕ್ಕೆ ಆಡಳಿತಕ್ಕೆ ಕ್ಷಮೆ ದೊರೆಯುವುದಿಲ್ಲ. 15ನೆಯ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಅವಧಿಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳ ಅನುದಾನದಲ್ಲಿ ಶೇಕಡಾ 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ ಮೀಸಲಿಟ್ಟಿತ್ತು. ಆ ಹಣದಲ್ಲಿ ತಮ್ಮೂರಿನಲ್ಲಿ ಏನೇನು ಆಯಿತು, ಕಟ್ಟಿದ ಗಟಾರು ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ವಿದ್ಯಾರ್ಥಿಗಳು ನಡೆದು ನೋಡಿ, ನಕ್ಷೆ ಬರೆದು ಗ್ರಾಮಸಭೆಯ ಮುಂದಿಡಬೇಕು. ಹಳ್ಳಕ್ಕೆ ಕೊನೆಗೊಳ್ಳುವ ಗಟಾರು ಪೂರ್ಣಗೊಂಡ ಕಾಮಗಾರಿಯಲ್ಲ ಎಂದು ಠರಾವು ಮಾಡಿಸಬೇಕು. ಕೈಗವಸು, ಬೂಟು, ಯಂತ್ರಗಳಿಲ್ಲದೆ ಯಾರನ್ನೂ ಗಟಾರಿಗೆ ಇಳಿಸಬಾರದೆಂದೂ, ಶೌಚಗುಂಡಿಗಂತೂ ಮನುಷ್ಯರನ್ನು ಇಳಿಸುವುದೇ ಕೂಡದೆಂದೂ ಅದೇ ಠರಾವಿನಲ್ಲಿ ಬರೆಸಬೇಕು. ಕರ್ನಾಟಕವು 2016ರ ಮಾರ್ಚಿನಲ್ಲಿಯೇ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. ಗಟಾರಿನಿಂದ ಎತ್ತಿದ ಹೂಳಿನ ರಾಶಿಯನ್ನು ಕೆದಕಿ ನೋಡಿದರೆ ಆ ನಿಷೇಧ ಎಷ್ಟು ಪಾಲನೆಯಾಗಿದೆಯೆಂಬುದಕ್ಕೆ ಬೇರೆ ವರದಿ ಬೇಕಾಗುವುದಿಲ್ಲ.

ಮಲೆನಾಡಿನ ಹಳ್ಳಿಗರಿಗೂ ಇದೇ ಅನ್ವಯ. ಘಟ್ಟದ ಮೇಲಿನ ಅಡುಗೆಮನೆಯಿಂದ ಹೊರಬಿದ್ದ ಹನಿಗೆ ರಾಜ್ಯದ ಗಡಿ ಗೊತ್ತಿಲ್ಲ, ತಾಲ್ಲೂಕಿನ ಗಡಿ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಇಳಿಜಾರೊಂದೇ. ಮೇಲಿನವರು ಬಿಟ್ಟುದನ್ನು ಕೆಳಗಿನವರು ಕುಡಿಯುತ್ತಾರೆಂಬುದು ನದಿಗೂ ಸತ್ಯ, ಜಾತಿಗೂ ಸತ್ಯ. ನದಿ ಮೇಲಿನಿಂದ ಕೆಳಕ್ಕೆ ಹರಿಯುವುದನ್ನು ಬದಲಿಸಲಾಗದು. ಮೇಲಿನವರ ಕೊಳೆಗೆ ಕೆಳಗಿನವರು ಕೈ ಹಾಕುವುದನ್ನು ಬದಲಿಸಬಹುದು. ಇಂದು ರಾತ್ರಿಯ ಬಾಣಲೆಯಿಂದಲೇ ಅದನ್ನು ಆರಂಭಿಸಬಹುದು.